ಗದಿಗೆವ್ವ ಎಣಿಸಿದ ಹುಳಗಳು

ಗದಿಗೆವ್ವ ನಮ್ಮ ಪ್ರಯೋಗಾಲಯಕ್ಕೆ ಬಂದದ್ದು ನೆಲ ಒರೆಸಲಿಕ್ಕೆ. ಆರೇ ತಿಂಗಳಲ್ಲಿ ಆಕೆ ನನಗಿಂತ ಚೆನ್ನಾಗಿ ಹುಳ ಎತ್ತುತ್ತಿದ್ದಳು. ಅದನ್ನು ಬಾಯಿಬಿಟ್ಟು ಒಪ್ಪಿಕೊಳ್ಳಲಿಕ್ಕೆ ನನಗೆ ಇನ್ನೂ ಎರಡು ವರ್ಷ ಹಿಡಿಯಿತು. ಪಿಎಚ್.ಡಿ. ಮಾಡಿದವರ ಮೂಗು ಅಷ್ಟು ಸುಲಭಕ್ಕೆ ಕೆಳಗಿಳಿಯುವುದಿಲ್ಲ.

ಆಕೆ ಬೆಟಗೇರಿಯ ನೇಕಾರರ ಓಣಿಯವಳು. ಗಂಡ ತೀರಿಕೊಂಡ ಮೇಲೆ ಮನೆಯ ಕೈಮಗ್ಗ ಬಿಚ್ಚಿಟ್ಟು, ಒಬ್ಬಳೇ ಮಗಳು ಸೌಂದರ್ಯಾಳನ್ನು ಓದಿಸಲಿಕ್ಕೆಂದು ಗದಗಿನ ನಮ್ಮ ಕಾಲೇಜಿಗೆ ಸೇರಿದ್ದಳು. ಮಗ್ಗದ ಕೆಲಸದಲ್ಲಿ ಕೆಚ್ಚುವುದು ಅಂತ ಒಂದಿದೆ. ಮಗ್ಗದ ಉದ್ದೆಳೆಗಳ ಹಳೆಯ ಹಾಸು ಮುಗಿಯುತ್ತ ಬಂದಾಗ ಅದರ ಸಾವಿರಾರು ಎಳೆಗಳಿಗೆ ಹೊಸ ಹಾಸಿನ ಎಳೆಗಳನ್ನು ಒಂದೊಂದಾಗಿ ಬೆರಳಲ್ಲಿ ಹೊಸೆದು ಸೇರಿಸಬೇಕು. ಅದನ್ನು ಮೂವತ್ತು ವರ್ಷ ಮಾಡಿದ ಬೆರಳಿಗೆ ತಂತಿಯ ತುದಿಯಲ್ಲಿ ಒಂದು ಮಿಲಿಮೀಟರ್ ಉದ್ದದ ಹುಳ ಎತ್ತಿಡುವುದು ಯಾವ ಲೆಕ್ಕ! ನನ್ನ ವಿದ್ಯಾರ್ಥಿಗಳು ಹತ್ತು ಹುಳ ಎತ್ತಿದರೆ ನಾಲ್ಕನ್ನು ಕೊಲ್ಲುತ್ತಿದ್ದರು. ಆಕೆ ನೂರು ಎತ್ತಿದರೂ ಒಂದು ಸಾಯುತ್ತಿರಲಿಲ್ಲ. “ಅದರ ಹೊಟ್ಟಿ ಕೆಳಗ ತಂತಿ ಹಾಕ್ರೋ, ಮ್ಯಾಲ ಚುಚ್ಚಬ್ಯಾಡ್ರಿ. ನಿಮಗ್ಯಾರಾರ ಹಂಗ ಎತ್ತಿದ್ರ ಸುಮ್ನ ಇರತೀರೇನು?” ಎಂದು ಬೈಯುತ್ತಿದ್ದಳು.

ಹುಳವೆಂದರೆ ಹೊಟ್ಟೆಯ ಜಂತುಹುಳದ ದೂರದ ನೆಂಟ. ಕೊಳೆತ ಎಲೆ, ಹಣ್ಣುಗಳ ನಡುವೆ ಬ್ಯಾಕ್ಟೀರಿಯಾ ತಿಂದು ಬದುಕುವ ದುಂಡುಹುಳ. ಮೈ ಗಾಜಿನಂತೆ ಪಾರದರ್ಶಕ, ಸೂಕ್ಷ್ಮದರ್ಶಕದ ಕೆಳಗೆ ಅದರ ಕರುಳು, ಮೊಟ್ಟೆ ಎಲ್ಲ ಕಾಣುತ್ತವೆ. ಅದಕ್ಕೆ ರಕ್ತವಿಲ್ಲ, ನಮ್ಮಂತೆ ರೋಗಾಣುಗಳ ಮೇಲೆ ಏರಿ ಹೋಗುವ ಬಿಳಿ ರಕ್ತಕಣಗಳಿಲ್ಲ. ಹಾಗಂತ ಅದು ದಿಕ್ಕಿಲ್ಲದ್ದೇನೂ ಅಲ್ಲ. ಗಂಟಲಲ್ಲಿ ಪುಟ್ಟ ಬೀಸುಕಲ್ಲು ಇದೆ, ತಿಂದ ಬ್ಯಾಕ್ಟೀರಿಯಾವನ್ನು ಅಲ್ಲೇ ಅರೆದು ಹಾಕುತ್ತದೆ. ಅರೆಯದೆ ಉಳಿದದ್ದು ಕರುಳಿಗಿಳಿದರೆ ಕರುಳಿನ ಗೋಡೆ ವಿಷ ಸುರಿಸಿ ಕೊಲ್ಲುತ್ತದೆ. ಅದಕ್ಕೂ ಬಗ್ಗದ ರೋಗಾಣುವಾದರೆ ಹುಳ ಆ ಜಾಗವನ್ನೇ ಬಿಟ್ಟು ಹೊರಡುತ್ತದೆ. ಪ್ರಯೋಗದ ತಟ್ಟೆಯ ನಡುವೆ ಅಂಥ ಬ್ಯಾಕ್ಟೀರಿಯಾದ ಒಂದು ಮಚ್ಚೆ ಬೆಳೆಸಿ ಹುಳ ಬಿಟ್ಟರೆ, ಅರ್ಧ ದಿನ ತಿಂದು, ಮೈ ಕೆಟ್ಟಿದ್ದು ತಿಳಿದು, ಮಚ್ಚೆಯಿಂದ ಹರಿದು ಅಂಚಿಗೆ ಹೋಗಿ ಕೂರುತ್ತದೆ. ಮತ್ತೆ ಆ ಕಡೆ ಸುಳಿಯುವುದಿಲ್ಲ. ಹೋದ ದಾರಿ ತಟ್ಟೆಯಲ್ಲಿ ಹೊಯ್ದ ಮೆತ್ತನೆಯ ಜೆಲ್ಲಿಯ, ಅಂದರೆ ಅಗರಿನ ಮೇಲೆ ಗೀರಿನಂತೆ ಉಳಿಯುತ್ತದೆ.

ನನ್ನ ಪ್ರಯೋಗವೆಲ್ಲ ಈ ನಿಯಮ ಮುರಿಯುವ ಒಂದು ಬ್ಯಾಕ್ಟೀರಿಯಾದ ಮೇಲೆ. ಅದು ಸಿಕ್ಕಿದ್ದು ಹೀಗೆ. ಮೂರು ವರ್ಷದ ಹಿಂದೆ ಸೌಂದರ್ಯಾಳ ಮದುವೆ ಮುಂಡರಗಿ ಕಡೆಯ ಕೊರ್ಲಹಳ್ಳಿಯಲ್ಲಿ ಆಯಿತು. ಊಟ ಮುಗಿಸಿ ಹೊಳೆದಂಡೆಗೆ ಹೋಗಿ ಕೆಸರು ತುಂಬಿಕೊಂಡು ಬಂದೆ, ನಾಚಿಕೆ ಬಿಟ್ಟವಳು ನಾನು. ಆ ಕೆಸರಿನಿಂದ ಬಂದದ್ದು ಸ್ಯೂಡೊಮೊನಾಸ್ ಎಂಬ, ಮನುಷ್ಯರ ಗಾಯಕ್ಕೂ ಹತ್ತುವ ಬ್ಯಾಕ್ಟೀರಿಯಾದ ಒಂದು ತಳಿ. ಇದರ ಮೇಲೆ ಬಿಟ್ಟ ಹುಳಗಳು ಓಡುವುದಿಲ್ಲ. ಒಳಗೆ ಎಚ್ಚರದ ಗಂಟೆ ಬಾರಿಸುವುದನ್ನೇ ಅದು ಹೇಗೋ ತಡೆಯುತ್ತದೆ. ಕರುಳು ಕಾದಾಟಕ್ಕೆ ನಿಲ್ಲುವುದಿಲ್ಲ, ಹುಳ ಜಾಗ ಬಿಡುವುದಿಲ್ಲ. ಅಲ್ಲೇ ತಿನ್ನುತ್ತ ತಿನ್ನುತ್ತ ನಾಲ್ಕು ದಿನದಲ್ಲಿ ಸಾಯುತ್ತವೆ. ಅದರ ತಟ್ಟೆಗಳಿಗೆ ಕೆಂಪು ಪಟ್ಟಿ ಅಂಟಿಸುತ್ತಿದ್ದೆವು, ಹಾಗಾಗಿ ಗದಿಗೆವ್ವನ ಬಾಯಲ್ಲಿ ಅದರ ಹೆಸರೇ ಕೆಂಪುಪಟ್ಟಿ. “ಎದ್ದು ಹೋಗಾಕ ಬರತೈತಿ, ಬಾಗಲಾ ತೆರದೈತಿ. ಆದ್ರೂ ಕುಂತಾವು ನೋಡ್ರಿ” ಎಂದು ಎಣಿಸುತ್ತ ಮರುಗುತ್ತಿದ್ದಳು.

ಇನ್ನು ಬಟ್ಟೆಯ ವಿಷಯ. ಅದನ್ನು ಹೇಳಲು ಈಗಲೂ ಕೈ ಹಿಂದೆಗೆಯುತ್ತದೆ. ಮೇಜು ಒರೆಸಲು ನೂಲು ಬಿಡದ ಮೆತ್ತನೆಯ ಹತ್ತಿಬಟ್ಟೆ ಬೇಕಿತ್ತು. ಗದಿಗೆವ್ವ ಮನೆಯಲ್ಲಿ ಉಳಿದಿದ್ದ ಕೈಮಗ್ಗದ ಸೀರೆತುಂಡುಗಳನ್ನು ತಂದಳು. ಅವನ್ನು ನಾವು ಒತ್ತಡದ ಹಬೆಪಾತ್ರೆಯಲ್ಲಿ, ಅಂದರೆ ಆಟೊಕ್ಲೇವಿನಲ್ಲಿ ಬೇಯಿಸಿ ಬಳಸುತ್ತಿದ್ದೆವು. ಮೊದಲ ವಾರವೇ ನಾನು ಆಕೆಗೆ ಪಾಠ ಹೇಳಿದ್ದೆ. “ಇದರಾಗಿಂದ ಹೊರಗ ಬಂದದ್ದರಾಗ ಒಂದೂ ಜೀವ ಇರೂದಿಲ್ಲ ಗದಿಗೆವ್ವ. ಇದಕ್ಕಿಂತ ಶುದ್ಧ ಜಗತ್ತಿನ್ಯಾಗ ಇಲ್ಲ.” ಆಕೆ ಅದನ್ನು ಮಂತ್ರದಂತೆ ಹಿಡಿದಳು. ಹೊಸ ಹುಡುಗರಿಗೆಲ್ಲ ಅದನ್ನೇ ಒಪ್ಪಿಸುತ್ತಿದ್ದಳು.

ಈ ವರ್ಷ ಜನವರಿಯಲ್ಲಿ ಸೌಂದರ್ಯಾ ಚೊಚ್ಚಲ ಹೆರಿಗೆಗೆ ತವರಿಗೆ ಬಂದಳು. ಆಸ್ಪತ್ರೆಯಲ್ಲಿ ಹೊಟ್ಟೆ ಕೊಯ್ದು ಹೆಣ್ಣುಕೂಸನ್ನು ತೆಗೆದರು. ಐದನೆಯ ದಿನ ಮನೆಗೆ ಕಳಿಸಿದರು. ಬಾಣಂತಿಯ ಹೊಟ್ಟೆಗೆ ಹಳೆಯ ಸೀರೆ ಬಿಗಿಯಾಗಿ ಕಟ್ಟುವುದು ನಮ್ಮ ಕಡೆಯ ಪದ್ಧತಿ, ಹೊಟ್ಟೆ ಜೋತು ಬೀಳಬಾರದೆಂದು. ಹೊಲಿಗೆ ಹಾಕಿದ ಹೊಟ್ಟೆಗೆ ಮನೆಯ ಬಟ್ಟೆ ಕಟ್ಟಲು ಗದಿಗೆವ್ವನಿಗೆ ಮನಸ್ಸು ಬರಲಿಲ್ಲ. ಆಕೆಗೆ ಗೊತ್ತಿದ್ದ ಅತಿ ಶುದ್ಧ ಬಟ್ಟೆ ನಮ್ಮ ಲ್ಯಾಬಿನದು. ಹಬೆಪಾತ್ರೆಯಿಂದ ತೆಗೆದ ನಾಲ್ಕು ತುಂಡನ್ನು ಮಡಚಿ ಚೀಲದಲ್ಲಿ ಹಾಕಿಕೊಂಡು ಹೋಗಿ ಹೊಲಿಗೆಯ ಮೇಲೆ ಕಟ್ಟಿದಳು. ಅವು ಪಾತ್ರೆಯಿಂದ ಬಂದಾಗ ಶುದ್ಧವೇ. ಆದರೆ ಒದ್ದೆಯಿರುತ್ತಿದ್ದವು. ನಾವು ಅವನ್ನು ಒಣಹಾಕುತ್ತಿದ್ದ ಹಗ್ಗ ಇದ್ದದ್ದು ಕೆಂಪುಪಟ್ಟಿಯ ತಟ್ಟೆಗಳನ್ನು ತೆರೆಯುವ ಮೇಜಿನ ಮೇಲೆ. ಆ ಹಗ್ಗ ಕಟ್ಟಿಸಿದವಳೂ ನಾನೇ.

ಒಂಬತ್ತನೆಯ ದಿನ ಸೌಂದರ್ಯಾಗೆ ಜ್ವರ ಬಂತು. ಹೊಟ್ಟೆಯ ಬಟ್ಟೆ ಬಿಚ್ಚಿದ ಗದಿಗೆವ್ವ ಅಲ್ಲೇ ಕುಸಿದು ಕೂತಳಂತೆ. ನನಗೆ ಫೋನ್ ಬಂತು.

“ಅಕ್ಕೋರ, ಹೊಲಿಗಿ ಬಾಯಿ ಬಿಟ್ಟೈತ್ರಿ. ಹಸರ ಕೀವ ಐತಿ.” ಆಮೇಲೆ ದನಿ ತಗ್ಗಿಸಿದಳು. “ವಾಸನಿ ಕೆಂಪುಪಟ್ಟೀದೈತ್ರಿ.”

ಕೊಳೆತ ದ್ರಾಕ್ಷಿಯಂಥ ಸಿಹಿ ವಾಸನೆ ಅದು. ಒಮ್ಮೆ ಮೂಗಿಗೆ ಹತ್ತಿದರೆ ಮರೆಯುವಂಥದಲ್ಲ. ಆಕೆ ಅದನ್ನು ಮೂರು ವರ್ಷ ದಿನವೂ ಮೂಸಿದ್ದಳು.

ಅಳಿಯ ಯಲ್ಲೇಶ ಕೊರ್ಲಹಳ್ಳಿಯಿಂದ ಓಡಿಬಂದ. ಹೆಂಡತಿಯನ್ನು ಅದೇ ಸಂಜೆ ಬೇರೊಂದು ಆಸ್ಪತ್ರೆಗೆ ಸೇರಿಸಿದ. ಅಲ್ಲಿಯ ರೋಗಪರೀಕ್ಷೆಯ ವಿಭಾಗದಲ್ಲಿ ನನ್ನ ಹಳೆಯ ವಿದ್ಯಾರ್ಥಿನಿ ಸ್ನೇಹಾ ಇದ್ದಳು. ಭಾನುವಾರ ಅವಳೇ ಹೇಳಿದಳು, ಸ್ಯೂಡೊಮೊನಾಸ್ ಹೌದು, ರಕ್ತಕ್ಕೂ ಸೇರಿದೆ, ಕೊಟ್ಟ ಔಷಧಿಯಲ್ಲಿ ಮುಕ್ಕಾಲು ಪಾಲು ಅದಕ್ಕೆ ತಾಗುತ್ತಿಲ್ಲ.

ಅಂದಿನಿಂದ ಗದಿಗೆವ್ವ ವಾರ್ಡಿನ ಒಳಗೆ ಕಾಲಿಡಲಿಲ್ಲ. ಹೊರಗೆ ಔಷಧಿ ಅಂಗಡಿಯ ಪಕ್ಕದ ಕಟ್ಟೆಯ ಮೇಲೆ ಎರಡೂ ಕೈಗಳನ್ನು ಸೆರಗಿನಲ್ಲಿ ಸುತ್ತಿಕೊಂಡು ಕೂತಳು. ಕೂಸನ್ನು ಪಕ್ಕದ ಮನೆಯ ಅಮೀನಬಿಯ ಕೈಗೆ ಕೊಟ್ಟಿದ್ದಳು. ಯಲ್ಲೇಶ ಗಳಿಗೆಗೊಮ್ಮೆ ಹೊರಗೆ ಬಂದು ಕರೆಯುತ್ತಿದ್ದ.

“ಅತ್ತಿ, ಅಕಿ ನಿಮ್ಮನ್ನ ಕೇಳಾಕತ್ತಾಳ್ರಿ. ಅವ್ವ ಎಲ್ಲೆದಾಳ ಅಂತಾಳ್ರಿ. ಒಂದೀಟ ಮಾರಿ ತೋರಿಸಿ ಬರ್ರಿ.”

“ನಾ ಬರಂಗಿಲ್ಲಪಾ. ನನ್ನ ಕೈಯಾಗ ಐತಿ ಅದು. ಇನ್ನೊಂದೀಟ ಒಯ್ದು ಕೊಡ್ಲೇನು ನನ್ನ ಮಗಳಿಗೆ?”

ಡಾಕ್ಟರು ಹೇಳಿದರು, ಕೈ ತೊಳೆದು ಕೈಗವಸು ಹಾಕಿಕೊಂಡು ಬರಬಹುದೆಂದು. ನಾನೂ ಬಡಕೊಂಡೆ. ಆಕೆಯ ತಲೆಗೆ ಏನೂ ಹೋಗಲಿಲ್ಲ. ಆಕೆ ನನ್ನನ್ನು ಕೇಳಿದ್ದು ಒಂದೇ ಮಾತು.

“ಅಕ್ಕೋರ, ಅಕಿ ಮೈಯಾಗಿಂದು ನಮ್ಮ ಕೆಂಪುಪಟ್ಟಿ ಹೌದೋ ಅಲ್ಲೋ ಹೇಳ್ರಿ. ಅಲ್ಲಂದ್ರ ನಾ ಒಳಗ ಹೊಕ್ಕೀನಿ.”

ಗುರುತು ಪಕ್ಕಾ ಆಗಬೇಕಾದರೆ ಎರಡೂ ಬ್ಯಾಕ್ಟೀರಿಯಾಗಳ ಪೂರ್ತಿ ಜೀನು ಸರಣಿ ಓದಿಸಬೇಕು, ಬೆಂಗಳೂರಿಗೆ ಕಳಿಸಿದರೆ ಒಂದು ತಿಂಗಳ ಮೇಲಾಗುತ್ತದೆ ಎಂದೆ.

“ತಿಂಗಳಾ? ಅಕಿ ತಿಂಗಳಾ ಇರತಾಳೇನ್ರಿ?” ಎಂದಳು. ಆಮೇಲೆ ತಾನೇ ದಾರಿ ತೋರಿಸಿದಳು. “ಹುಳ ಬಿಟ್ಟು ನೋಡ್ರಿ. ಬ್ಯಾರೇದಿದ್ರ ಒಂದ ದಿನದಾಗ ಓಡತಾವು. ನಮ್ಮದಿದ್ರ ಕುಂಡ್ರತಾವು.”

ವಿಜ್ಞಾನದ ಕಟ್ಟುನಿಟ್ಟಿನಲ್ಲಿ ಇದು ಸಾಕ್ಷಿಯಾಗುವುದಿಲ್ಲ. ಆ ವಾಸನೆ ಸ್ಯೂಡೊಮೊನಾಸಿನ ಎಷ್ಟೋ ತಳಿಗಳಿಗಿದೆ; ಹುಳಕ್ಕೆ ಮೋಸ ಮಾಡುವ ತಳಿ ನನ್ನದೊಂದೇ ಎಂದು ಯಾರು ಬರೆದುಕೊಟ್ಟಿದ್ದಾರೆ? ಇದನ್ನು ಆಕೆಗೆ ಬಿಡಿಸಿ ಹೇಳಬೇಕಿತ್ತು. ಆ ಕಟ್ಟೆಯ ಮೇಲೆ ಮುದುಡಿ ಕೂತವಳಿಗೆ ‘ಆತು, ಬಿಟ್ಟು ನೋಡತೀನಿ’ ಎಂದಷ್ಟೇ ಹೇಳಿ ಎದ್ದೆ. ಸ್ನೇಹಾಳಿಂದ ಸೌಂದರ್ಯಾಳ ಬ್ಯಾಕ್ಟೀರಿಯಾ ಪಡೆದು ತಂದೆ. ಒಂದು ಪಾಲನ್ನು ಬೆಂಗಳೂರಿಗೆ ಕಳಿಸಿ, ಇನ್ನೊಂದನ್ನು ತಟ್ಟೆಗೆ ಹಚ್ಚಿದೆ. ಸೋಮವಾರ ಮುಂಜಾನೆ ಮೂರು ತಟ್ಟೆ ಸಿದ್ಧವಾದವು. ಒಂದರಲ್ಲಿ ಹುಳಗಳ ನಿತ್ಯದ ಒಳ್ಳೆಯ ಆಹಾರ, ಒಂದರಲ್ಲಿ ನಮ್ಮ ಕೆಂಪುಪಟ್ಟಿ, ಒಂದರಲ್ಲಿ ಸೌಂದರ್ಯಾಳದು. ಪ್ರತಿಯೊಂದಕ್ಕೂ ಮೂವತ್ತು ಹುಳ. ಗದಿಗೆವ್ವ ಬಾಗಿಲಲ್ಲಿ ನಿಂತು ನೋಡಿದಳು, ತಂತಿ ಮುಟ್ಟಲಿಲ್ಲ. ನನ್ನ ಕೈಯಲ್ಲಿ ಮೂರು ಹುಳ ಸತ್ತವು, ಮತ್ತೆ ಎತ್ತಿದೆ. ಆಕೆ ಬೈಯಲೂ ಇಲ್ಲ.

ಮಂಗಳವಾರ ಏಳು ಗಂಟೆಗೇ ಲ್ಯಾಬಿನ ಬೀಗ ತೆಗೆದೆ. ಸೌಂದರ್ಯಾಳ ತಟ್ಟೆಯನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟು ಕಣ್ಣು ಹಚ್ಚಿದೆ. ಮೂವತ್ತೂ ಮಚ್ಚೆಯ ಒಳಗೇ ಇದ್ದವು. ಒಂದೂ ಹೊರಗೆ ಬಂದಿರಲಿಲ್ಲ, ಅಗರಿನ ಮೇಲೆ ಒಂದು ಗೀರೂ ಇರಲಿಲ್ಲ. ತಲೆ ಆಡಿಸುತ್ತ ನೆಮ್ಮದಿಯಿಂದ ತಿನ್ನುತ್ತಿದ್ದವು. ಪಕ್ಕದ ಕೆಂಪುಪಟ್ಟಿಯ ತಟ್ಟೆಯೂ ಹಾಗೇ. ಮೂರು ಸಲ ಎಣಿಸಿದೆ. ಯಾರ ಮೇಲೋ ಸಿಟ್ಟು ಬಂತು, ಯಾರ ಮೇಲೆಂದು ಗೊತ್ತಾಗಲಿಲ್ಲ.

ಸ್ಕೂಟರ್ ಹತ್ತಿ ಆಸ್ಪತ್ರೆಗೆ ಹೋದೆ. ಏನು ಹೇಳುವುದೆಂದು ದಾರಿಯುದ್ದಕ್ಕೂ ತಿಳಿಯಲಿಲ್ಲ. ಬಾಗಿಲಲ್ಲೇ ಯಲ್ಲೇಶ ಸಿಕ್ಕಿದ, ಮುಖ ಬೂದಿಯಾಗಿತ್ತು. “ಕಿಡ್ನಿ ನಿಂತಾವಂತ್ರಿ. ಅಕಿ ಈಗೂ ಅವ್ವ ಅವ್ವ ಅನ್ನಾಕತ್ತಾಳ” ಎಂದ. ಗದಿಗೆವ್ವ ಕಟ್ಟೆಯಿಂದ ಎದ್ದು ಬಂದಳು.

“ಓಡ್ಯಾವೇನ್ರಿ?”

“ಓಡ್ಯಾವು” ಎಂದೆ.

“ಎಷ್ಟು?”

ಆಕೆ ಲೆಕ್ಕ ಕೇಳದೆ ಬಿಡುವವಳಲ್ಲ. “ಮೂವತ್ತರಾಗ ಇಪ್ಪತ್ತಮೂರು ಹೊರಗ ಬಂದಾವು. ಇದು ನಮ್ಮದಲ್ಲ ಗದಿಗೆವ್ವ, ಬ್ಯಾರೇದು. ನಿಮ್ಮ ಕೈದೇನೂ ಇಲ್ಲ. ಒಳಗ ನಡೀರಿ.”

ಹದಿನೇಳು ವರ್ಷ ಪಾಠ ಹೇಳಿದ್ದೇನೆ. ವಿದ್ಯಾರ್ಥಿ ಒಂದು ಅಂಕಿ ತಿದ್ದಿದರೆ ಪುಸ್ತಕ ಹರಿದು ಮುಖಕ್ಕೆ ಎಸೆದವಳು. ಇಪ್ಪತ್ತಮೂರು ಎಂದು ನಾನು ಕಣ್ಣು ಮಿಟುಕಿಸದೆ ಹೇಳಿದೆ. ಆಕೆ ನನ್ನ ಮುಖವನ್ನೇ ಒಂದು ಕ್ಷಣ ನೋಡಿ, ನಳದ ಹತ್ತಿರ ಹೋಗಿ ಮೊಣಕೈಯವರೆಗೆ ತಿಕ್ಕಿ ತೊಳೆದುಕೊಂಡು, ಕೈಗವಸು ಹಾಕಿಕೊಂಡು ಒಳಗೆ ಹೋದಳು.

ಬಾಗಿಲ ಗಾಜಿನಿಂದ ನೋಡಿದೆ. ಮಗಳ ಕೂದಲ ಸಿಕ್ಕನ್ನು ಬೆರಳಿಂದ ಒಂದೊಂದೇ ಎಳೆಯಾಗಿ ಬಿಡಿಸುತ್ತಿದ್ದಳು. ಸೌಂದರ್ಯಾ ಕಣ್ಣು ತೆರೆದು ಏನೋ ಹೇಳಿದಳು. ಗದಿಗೆವ್ವ ನಕ್ಕಳು. ನನಗೆ ಅಲ್ಲಿ ನಿಲ್ಲಲಾಗಲಿಲ್ಲ, ಮೆಟ್ಟಿಲ ಮೇಲೆ ಕೂತು ಅತ್ತೆ. ಬುಧವಾರ ಮಧ್ಯಾಹ್ನ ಸೌಂದರ್ಯಾ ಅವ್ವನ ಕೈ ಹಿಡಿದುಕೊಂಡೇ ಹೋದಳು. ಇಪ್ಪತ್ತನಾಲ್ಕು ವರ್ಷ. ಅದೇ ಸಂಜೆ ಕೊರ್ಲಹಳ್ಳಿಗೆ ಒಯ್ದು ಮಣ್ಣು ಮಾಡಿದರು.

ಆ ಮೂರು ತಟ್ಟೆಗಳನ್ನು ನಾನು ಬೇಯಿಸಿ ಎಸೆಯಬೇಕಿತ್ತು. ಇನ್‌ಕ್ಯುಬೇಟರಿನ ಬಾಗಿಲು ತೆರೆಯುವ ಧೈರ್ಯವೇ ಆಗಲಿಲ್ಲ. ಗದಿಗೆವ್ವ ತಿಂಗಳಾದರೂ ಈ ಕಡೆ ಬರುವುದಿಲ್ಲ ಎಂದುಕೊಂಡಿದ್ದೆ. ಶುಕ್ರವಾರ ನಾನು ಕ್ಲಾಸು ಮುಗಿಸಿ ಬಂದಾಗ ಆಕೆ ತನ್ನ ಸ್ಟೂಲಿನ ಮೇಲೆ ಕೂತು ಸೂಕ್ಷ್ಮದರ್ಶಕಕ್ಕೆ ಕಣ್ಣು ಹಚ್ಚಿದ್ದಳು. ಎಡಗೈಯಲ್ಲಿ ಎಣಿಸುವ ಗುಂಡಿ ಟಿಕ್ ಟಿಕ್ ಎನ್ನುತ್ತಿತ್ತು.

ಸೌಂದರ್ಯಾಳ ತಟ್ಟೆ. ಹುಳಗಳು ಮಚ್ಚೆಯ ನಡುವೆ ನೆಟ್ಟಗೆ ಸೆಟೆದು ಬಿದ್ದಿದ್ದವು. ಕೆಲವು ತಾಯಿಹುಳಗಳ ಮೊಟ್ಟೆ ಹೊಟ್ಟೆಯೊಳಗೇ ಒಡೆದು, ಮರಿಗಳು ಸತ್ತ ತಾಯಿಯ ಮೈಯೊಳಗೆ ಹರಿದಾಡುತ್ತಿದ್ದವು. ರೋಗ ಬಂದ ಹುಳಕ್ಕೆ ಮೊಟ್ಟೆ ಹೊರಹಾಕುವ ಬಲ ಇರುವುದಿಲ್ಲ. ಆಕೆ ಎಣಿಸಿ ಮುಗಿಸಿದಳು. ದಾಖಲೆ ಪುಸ್ತಕ ತೆರೆದು ತನ್ನ ದಪ್ಪ ಅಕ್ಷರದಲ್ಲಿ ಬರೆದಳು. ಸತ್ತವು ಇಪ್ಪತ್ತೆಂಟು. ಬದುಕಿದವು ಎರಡು. ಹೊರಗೆ ಬಂದವು ಸೊನ್ನೆ.

“ಹೊರಗ ಒಂದು ಗೆರಿ ಸೈತ ಇಲ್ರಿ ಅಕ್ಕೋರ” ಎಂದಳು. ದನಿಯಲ್ಲಿ ಸಿಟ್ಟಿರಲಿಲ್ಲ, ಅದೇ ನನ್ನನ್ನು ಕೊಂದಿತು. “ಓಡಿದ್ರ ಗೆರಿ ಇರಬೇಕಿತ್ತು.”

“ಗದಿಗೆವ್ವ, ಇದು ಪಕ್ಕಾ ಅಲ್ಲ. ಹುಳದ ಪರೀಕ್ಷಾದಿಂದ ಇಂಥದ್ದ ಅಂತ ಹೇಳಾಕ ಬರೂದಿಲ್ಲ. ಬೆಂಗಳೂರಿಂದ ವರದಿ ಬರಲಿ...”

“ಬ್ಯಾಡ್ರಿ. ನೀವು ಖರೆ ಹೇಳಿದ್ರ ನಾ ಒಳಗ ಹೊಕ್ಕಿದ್ದಿಲ್ಲ. ಒಂದ ದಿನ ಅಕಿ ಕೂಡ ಕುಂದ್ರಾಕ ಕೊಟ್ರಿ, ಅದನ್ನ ನಾ ಮರಿಯಂಗಿಲ್ಲ.” ಎದ್ದು ನಿಂತಳು. “ನಾಳಿಂದ ನಾ ಬರಂಗಿಲ್ರಿ.”

ಸಿಂಕಿನಲ್ಲಿ ಬಹಳ ಹೊತ್ತು ಕೈ ತೊಳೆದಳು. ಬೆರಳ ಸಂದಿಯ ಚರ್ಮ ಆಗಲೇ ಬಿರಿದಿತ್ತು. ನಾನು ಕಾಲು ಹಿಡಿದು ಕ್ಷಮೆ ಕೇಳಬೇಕಿತ್ತು, ಪಾಠ ಹೇಳಿದವಳು ನಾನು, ಹಗ್ಗ ಕಟ್ಟಿಸಿದವಳು ನಾನು, ನೀವು ನಂಬಿದ್ದು ನನ್ನನ್ನು ಎನ್ನಬೇಕಿತ್ತು. ಆಕೆ ಬಾಗಿಲು ದಾಟಿದ ಮೇಲೆ ಅದೆಲ್ಲ ನೆನಪಾಯಿತು.

ವರದಿ ಬಂದದ್ದು ನಲವತ್ತೊಂದು ದಿನಕ್ಕೆ. ಕ್ಲಾಸು ಬಿಟ್ಟು ಕಾರಿಡಾರಿನಲ್ಲೇ ಓದಿದೆ. ಎರಡು ತಳಿಗಳ ನಡುವೆ ಸಾವಿರಾರು ವ್ಯತ್ಯಾಸ. ಒಂದಕ್ಕೊಂದು ಸಂಬಂಧವೇ ಇಲ್ಲ. ಸೌಂದರ್ಯಾಳನ್ನು ಕೊಂದದ್ದು ಕೊರ್ಲಹಳ್ಳಿಯ ಕೆಸರಿನದಲ್ಲ, ನಮ್ಮ ಮೇಜಿನದಲ್ಲ, ಆ ಬಟ್ಟೆಯ ಮೇಲಿನದಲ್ಲ. ಹುಳವನ್ನು ಓಡಗೊಡದ ಇನ್ನೊಂದು ತಳಿ, ಎಲ್ಲಿಯದೋ, ಯಾರಿಗೆ ಗೊತ್ತು. ದೇವರನ್ನು ನಂಬದವಳು, ದೇವರೇ ಎಂದೆ.

ವರದಿಯನ್ನು ಹಿಡಿದು ಬೆಟಗೇರಿಗೆ ಹಾರಿದೆ. ಗದಿಗೆವ್ವ ಪಡಸಾಲೆಯಲ್ಲಿ ಗೋಡೆಗೆ ಒರಗಿ ಕೂತಿದ್ದಳು. ಎರಡೂ ಕೈ ಸೆರಗಿನೊಳಗೆ. ತೊಟ್ಟಿಲು ಆಚೆ ಮೂಲೆಯಲ್ಲಿತ್ತು. ಕೂಸಿಗೆ ನೀರೆರೆಯುವುದು, ಹಾಲು ಕುಡಿಸುವುದು ಎಲ್ಲ ಅಮೀನಬಿಯೇ. ಅಜ್ಜಿ ಇಷ್ಟು ದಿನ ಒಮ್ಮೆಯೂ ಮುಟ್ಟಿಲ್ಲ ಎಂದು ಅವಳು ಹೊಸ್ತಿಲಲ್ಲೇ ನನಗೆ ಪಿಸುಗುಟ್ಟಿದಳು.

“ಗದಿಗೆವ್ವ, ವರದಿ ಬಂತು! ನಮ್ಮ ಕೆಂಪುಪಟ್ಟಿ ಅಲ್ಲ ಅದು. ನಿಮ್ಮ ಬಟ್ಟೀದಲ್ಲ, ನಿಮ್ಮ ಕೈದಲ್ಲ. ಇಲ್ಲಿ ನೋಡ್ರಿ, ಬರದು ಕಳಸ್ಯಾರ.”

ಆಕೆ ಹಾಳೆಯ ಕಡೆ ನೋಡಲಿಲ್ಲ. ನನ್ನ ಮುಖ ನೋಡಿದಳು, ಆಸ್ಪತ್ರೆಯ ಮುಂದೆ ನೋಡಿದಂತೆಯೇ.

“ಅವತ್ತೂ ಹಿಂಗ ಹೇಳಿದ್ರೆಲ್ಲರಿ ಅಕ್ಕೋರ” ಎಂದಳು. “ನಿಮ್ಮ ಮನಸು ಭಾಳ ಒಳ್ಳೇದು.”

“ಇದು ಖರೆ ಗದಿಗೆವ್ವ! ನನ್ನ ಮಕ್ಕಳಾಣಿ ಖರೆ. ನಾ ಓದತೀನಿ ಕೇಳ್ರಿ...”

ಓದಿದೆ. ಕನ್ನಡದಲ್ಲಿ ಬಿಡಿಸಿ ಬಿಡಿಸಿ ಹೇಳಿದೆ. ಆಕೆ ನನಗೆ ಬೇಸರವಾಗದಿರಲೆಂದು ತಲೆ ಆಡಿಸುತ್ತಿದ್ದಳು. ನನ್ನ ಕೈಯಲ್ಲಿದ್ದದ್ದು ನಿಜ. ಅದನ್ನು ನಂಬಬೇಕಾದ ಒಬ್ಬಳೇ ಒಬ್ಬಳ ನಂಬಿಕೆಯನ್ನು ನಾನು ಮೊದಲೇ ತಿಂದುಹಾಕಿದ್ದೆ.

ಕೂಸು ಎಚ್ಚರಾಗಿ ಅಳತೊಡಗಿತು. “ಎತ್ಕೋರಿ ಗದಿಗೆವ್ವ, ನಿಮ್ಮ ಮೊಮ್ಮಗಳು. ಏನೂ ಆಗೂದಿಲ್ಲ, ಎತ್ಕೋರಿ” ಎಂದು ಕೈಮುಗಿದೆ. ಗದಿಗೆವ್ವ ತೊಟ್ಟಿಲ ಕಡೆ ನೋಡುತ್ತ ಕೈಗಳನ್ನು ಸೆರಗಿನಲ್ಲಿ ಇನ್ನಷ್ಟು ಬಿಗಿಯಾಗಿ ಸುತ್ತಿಕೊಂಡು ಕೂಗಿದಳು.

“ಅಮೀನಬಿ, ಲಗೂನ ಬಾರವಾ, ಕೂಸು ಅಳಾಕತ್ತೈತಿ.”